ಆರಿದ್ರಾ ಮಳೆಯ ಬೆನ್ನಿಗಿರುವ 157,79,17,500

ಆರಿದ್ರಾ ಮಳೆ ಶುರುವಾಗುವುದು ಯಾವಾಗ ಎಂದು ಮಲೆನಾಡಿನಲ್ಲಿ ಯಾರನ್ನು ಕೇಳಿದರೂ ಪಂಚಾಂಗ ತೆರೆಯದೆಯೇ ಉತ್ತರ ಬರುತ್ತದೆ: ಜೂನ್ 21, ಇಲ್ಲವೇ 22. ಪುನರ್ವಸು ಜುಲೈ ಮೊದಲ ವಾರ, ಪುಷ್ಯ 20ರ ಆಸುಪಾಸು, ಆಶ್ಲೇಷ ಆಗಸ್ಟ್ ಹುಟ್ಟುತ್ತಲೇ. ಗಣೇಶ ಚೌತಿ ಒಂದು ವರ್ಷ ಆಗಸ್ಟಿನಲ್ಲಿ ಬಂದರೆ ಇನ್ನೊಂದು ವರ್ಷ ಸೆಪ್ಟೆಂಬರಿನಲ್ಲಿ ಬರುತ್ತದೆ. ಅಧಿಕ ಮಾಸ ನಡುವೆ ಬಂದು ಹಬ್ಬಗಳನ್ನೆಲ್ಲ ಮುಂದಕ್ಕೆ ತಳ್ಳುತ್ತದೆ. ಮಳೆ ನಕ್ಷತ್ರಗಳಿಗೆ ಮಾತ್ರ ಆ ಓಡಾಟವಿಲ್ಲ. ಅವು ಸೂರ್ಯನ ನಕ್ಷತ್ರಗಳು, ಚಂದ್ರನವಲ್ಲ ಎಂಬುದು ನಮಗೆಲ್ಲ ಗೊತ್ತಿರುವ ವಿಷಯವೇ. ಆದರೂ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಬಹಳ ಕಾಲದಿಂದ ಕೊರೆಯುತ್ತಿತ್ತು. ವರ್ಷವೆಂಬುದು ಪೂರ್ತಿ ದಿನಗಳ ಗಂಟಲ್ಲ. 365 ದಿನ ಕಳೆದ ಮೇಲೆ ಕಾಲು ದಿನ, ಅದರ ಮೇಲೆ ಇನ್ನೂ ಒಂದಿಷ್ಟು ಚೂರು ಉಳಿಯುತ್ತದೆ. ದಶಮಾಂಶದ ಚುಕ್ಕಿ ಇಲ್ಲದ ಕಾಲದಲ್ಲಿ, ಆ ಚೂರು ಒಂದಿಷ್ಟೂ ಸೋರದಂತೆ ಎಲ್ಲಿ ಕೂಡಿಟ್ಟಿದ್ದರು?

ಉತ್ತರ ಒಂದು ಪೂರ್ಣಾಂಕದಲ್ಲಿದೆ. ನೂರ ಐವತ್ತೇಳು ಕೋಟಿ ಎಪ್ಪತ್ತೊಂಬತ್ತು ಲಕ್ಷದ ಹದಿನೇಳು ಸಾವಿರದ ಐನೂರು. ಆರ್ಯಭಟನ ಲೆಕ್ಕದಲ್ಲಿ ಒಂದು ಮಹಾಯುಗದ 43,20,000 ಸೌರವರ್ಷಗಳಲ್ಲಿ ಸೂರ್ಯ ಹುಟ್ಟುವ ಸಲಗಳು ಇಷ್ಟು. ವರ್ಷಕ್ಕೆ ಎಷ್ಟು ದಿನ ಎಂದು ಅವನು ಭಿನ್ನರಾಶಿಯಲ್ಲಿ ಹೇಳಲೇ ಇಲ್ಲ. ಯುಗವನ್ನು ಚೂರುಗಳೆಲ್ಲ ಒಟ್ಟುಗೂಡಿ ಪೂರ್ಣ ದಿನಗಳಾಗುವಷ್ಟು ಉದ್ದಕ್ಕೆ ಎಳೆದು, ಎರಡು ಪೂರ್ಣಾಂಕಗಳನ್ನು ಕೊಟ್ಟುಬಿಟ್ಟ. ಬೇಕಾದವರು ಭಾಗಿಸಿಕೊಳ್ಳಬಹುದು.

ನಿಜ ಹೇಳಬೇಕೆಂದರೆ ಈ ಸಂಖ್ಯೆಯೂ ಅವನು ನೇರವಾಗಿ ಕೊಟ್ಟದ್ದಲ್ಲ. ಅವನು ಕೊಟ್ಟದ್ದು ಭೂಮಿ ತನ್ನ ಸುತ್ತ ತಾನು ಎಷ್ಟು ಬಾರಿ ತಿರುಗುತ್ತದೆ ಎಂಬುದನ್ನು: 158,22,37,500. ನಕ್ಷತ್ರಗಳ ನಡುವೆ ಸೂರ್ಯ ವರ್ಷಕ್ಕೊಂದು ಸುತ್ತು ಸರಿಯುವುದರಿಂದ ಭೂಮಿ ತಿರುಗಿದ್ದಕ್ಕಿಂತ ವರ್ಷಕ್ಕೆ ಒಂದು ಸೂರ್ಯೋದಯ ಕಡಿಮೆ. ಹಾಗಾಗಿ ಅದರಿಂದ 43,20,000 ಕಳೆದರೆ ನಮ್ಮ ಸಂಖ್ಯೆ. ಈ ಒಂದು ಕಳೆಯುವ ಲೆಕ್ಕದಿಂದ ನಕ್ಷತ್ರಗಳಿಗೆ ಹೋಲಿಸಿದ ದಿನದ ಉದ್ದ 23 ಗಂಟೆ 56 ನಿಮಿಷ 4.1 ಸೆಕೆಂಡು ಎಂದು ಬರುತ್ತದೆ. ಇಂದಿನ ಅಳತೆಗೂ ಅದಕ್ಕೂ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟೂ ವ್ಯತ್ಯಾಸವಿಲ್ಲ. ಕಲಿಯುಗದ 3600 ವರ್ಷ ಕಳೆದಾಗ ತನಗೆ 23 ವರ್ಷ ಎಂದು ಅವನೇ ಬರೆದಿದ್ದಾನೆ; ಅಂದರೆ ಅದು ಕ್ರಿ.ಶ. 499. ಅಷ್ಟು ದೊಡ್ಡ ಸಂಖ್ಯೆಯನ್ನು ಶ್ಲೋಕದೊಳಗೆ ತೂರಿಸಲು ಅವನು ವರ್ಣಮಾಲೆಯನ್ನೇ ಅಂಕಿಗಳಾಗಿ ಮಾಡಿಕೊಂಡಿದ್ದ: ಙಿಶಿಬುಣೢಖ್ಷೃ. ಕ ಎಂದರೆ 1, ಖ ಎಂದರೆ 2, ನಾವು ಶಾಲೆಯಲ್ಲಿ ಬರೆದು ಕಲಿತು ಮತ್ತೆಂದೂ ಬಳಸದ ಙ ಎಂದರೆ 5. ಇಕಾರ ಸೇರಿದರೆ ನೂರು ಪಟ್ಟು, ಉಕಾರ ಸೇರಿದರೆ ಹತ್ತು ಸಾವಿರ ಪಟ್ಟು, ಋಕಾರಕ್ಕೆ ಹತ್ತು ಲಕ್ಷ, ಌಕಾರಕ್ಕೆ ಹತ್ತು ಕೋಟಿ. ಙಿ 500, ಶಿ 7000, ಬು 2,30,000, ಣೢ 150 ಕೋಟಿ, ಖ್ಷೃ 8 ಕೋಟಿ 20 ಲಕ್ಷ. ಕೂಡಿಸಿ ನೋಡಿ, ಒಂದೂ ಹೆಚ್ಚು ಕಡಿಮೆಯಾಗುವುದಿಲ್ಲ.

ಮಂಡಿ ಚೀಟಿಯ ಹಿಂಬದಿ

ಹೊಸನಗರದ ಕಡೆಯ ನನ್ನ ತವರುಮನೆಯಲ್ಲಿ ಆರಿದ್ರಾ ಮಳೆಯೆಂದರೆ ಕರೆಂಟು ಹೋಗುವ ಕಾಲವೂ ಹೌದು. ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ ಎಂಬ ಮಾತು ಅಲ್ಲಿ ಗಾದೆಯೇನಲ್ಲ, ಕಣ್ಣೆದುರು ಕಾಣುವ ಸ್ಥಿತಿ. ಅಂಥ ಒಂದು ಮಧ್ಯಾಹ್ನ ದೊಡ್ಡಪ್ಪ ಜಗುಲಿಯಲ್ಲಿ ಪಂಚಾಂಗ ಹಿಡಿದು ಕುಳಿತಿದ್ದರು. ತೋಟಕ್ಕೆ ಔಷಧಿ ಹೊಡೆದದ್ದು ತೊಳೆದು ಹೋಗುತ್ತಿದೆಯಲ್ಲ ಎಂಬ ಚಿಂತೆ ಒಂದು ಕಡೆ, ಮುಂದಿನ ಬಿಸಿಲು ಪುನರ್ವಸುವಿನಲ್ಲಾದರೂ ಸಿಗುವುದೇ ಎಂಬ ಲೆಕ್ಕ ಇನ್ನೊಂದು ಕಡೆ. ಎಸ್‌ಎಸ್‌ಎಲ್‌ಸಿಯಲ್ಲಿರುವ ಅಣ್ಣನ ಮಗಳು ಗಣಿತದ ಪುಸ್ತಕ ತೆರೆದಿಟ್ಟುಕೊಂಡಿದ್ದಳು. 'ವಾಸ್ತವ ಸಂಖ್ಯೆಗಳು' ಅಧ್ಯಾಯ, ಅವಿಭಾಜ್ಯ ಅಪವರ್ತನಗಳು, ಮ.ಸಾ.ಅ., ಲ.ಸಾ.ಅ. ಅವಳ ಪುಸ್ತಕದ ಲೆಕ್ಕಗಳೆಲ್ಲ ಮೂರಂಕಿ ನಾಲ್ಕಂಕಿಯವು. ಇದನ್ನು ಒಡೆಯುತ್ತೀಯಾ ಎಂದು ಹಳೆಯ ಅಡಿಕೆ ಮಂಡಿ ಚೀಟಿಯೊಂದರ ಹಿಂದೆ 1577917500 ಎಂದು ಬರೆದುಕೊಟ್ಟೆ.

ಮೊದಲ ಭಾಗ ಸಲೀಸು. ಕೊನೆಯಲ್ಲಿ ಎರಡು ಸೊನ್ನೆ ಇರುವುದರಿಂದ 100 ಹೊರಗೆ ಬಂತು. ಉಳಿದ 15779175 ಕೊನೆಗೆ 75 ಇರುವುದರಿಂದ 25ಕ್ಕೆ ಬಗ್ಗಿತು. 631167ರ ಅಂಕಿಗಳ ಮೊತ್ತ 24, ಹಾಗಾಗಿ 3ಕ್ಕೂ ಬಗ್ಗಿತು. ಕೈಯಲ್ಲಿ ಉಳಿದದ್ದು 210389. ಅಲ್ಲಿಂದ ಮುಂದೆ ಅದು ಮೊಂಡು ಹಿಡಿಯಿತು. 7ಕ್ಕೆ 4 ಉಳಿಯಿತು, 13ಕ್ಕೆ 10, 17ಕ್ಕೆ 14. 29ರಿಂದ ಭಾಗಿಸಿದರೆ 23 ಉಳಿಯಿತು. 31ರಿಂದ ಭಾಗಿಸಿದರೂ 23. ಎಲ್ಲೋ ಎಡವಟ್ಟಾಗಿದೆ ಎಂದು ಅವಳು ಎರಡನ್ನೂ ಮತ್ತೆ ಮಾಡಿದಳು. ಎರಡೂ ಸರಿಯಾಗಿಯೇ ಇದ್ದವು: 210366 ಎಂಬುದು 29ಕ್ಕೂ 31ಕ್ಕೂ ಒಟ್ಟಿಗೆ ಬಗ್ಗುವ ಸಂಖ್ಯೆ, ನಮ್ಮದು ಅದಕ್ಕಿಂತ 23 ಹೆಚ್ಚು. 41, 43, 47 ಯಾವುದಕ್ಕೂ ಜಗ್ಗಲಿಲ್ಲ. 59ಕ್ಕೆ 54 ಉಳಿದಾಗ ಅವಳು ಪೆನ್ಸಿಲ್ ಕೆಳಗಿಟ್ಟಳು.

“ಅತ್ತೆ, ಇದು ಅವಿಭಾಜ್ಯವೇ ಇರಬೇಕು.”

“ಇದರ ವರ್ಗಮೂಲ 458ರ ಮೇಲೆ ಚೂರು, ಅಲ್ಲಿಯವರೆಗೆ ನೋಡದೆ ಹಾಗೆ ಹೇಳುವಂತಿಲ್ಲ. ಇನ್ನೊಂದು ನೋಡು.”

ಮುಂದಿನದು 61. 61 ಮೂರು ಸಾವಿರಲೆ 183000, ಉಳಿದದ್ದು 27389, ನಾಲ್ಕು ನೂರಲೆ 24400, ಉಳಿದದ್ದು 2989, ನಲವತ್ತೊಂಬತ್ತಲೆ 2989. ಶೇಷ ಸೊನ್ನೆ. ಅವಳ ಮುಖ ಅರಳಿದ್ದನ್ನು ನೋಡಿ ದೊಡ್ಡಪ್ಪನೂ ಪಂಚಾಂಗ ಮಡಚಿಟ್ಟು ಚೀಟಿಯತ್ತ ಬಾಗಿದರು. 3449ನ್ನು ಮತ್ತೆ ಮೊದಲಿನಿಂದ ಒಡೆಯಬೇಕಲ್ಲ ಎಂದು ನಾನು ಹೇಳುವಷ್ಟರಲ್ಲಿ ಅವಳೇ ತಡೆದಳು. 3449ನ್ನು ಭಾಗಿಸುವುದು 210389ನ್ನೂ ಭಾಗಿಸಬೇಕು; 61ಕ್ಕಿಂತ ಚಿಕ್ಕವೆಲ್ಲ ಆಗಲೇ ಸೋತಿವೆ; 61ನ್ನು 61ರಿಂದ ಗುಣಿಸಿದರೆ 3721, ಅದು 3449ಕ್ಕಿಂತ ದೊಡ್ಡದು. ಆದ್ದರಿಂದ 3449 ಅವಿಭಾಜ್ಯ, ಇನ್ನೊಂದು ಭಾಗಾಕಾರವೂ ಬೇಡ. ಆ ವಾದ ಕೇಳಿ ನನಗೆ ಆದ ಸಂತೋಷ ಇಲ್ಲಿ ಬರೆದು ಮುಗಿಯುವಂಥದ್ದಲ್ಲ. ಅಷ್ಟು ಹೊತ್ತಿನ ಸೋಲುಗಳೆಲ್ಲ ಒಂದೇ ಸಾಲಿನಲ್ಲಿ ಸಾಕ್ಷಿಗಳಾಗಿ ಬಂದು ನಿಂತಿದ್ದವು.

ಚೀಟಿಯ ಕೊನೆಯಲ್ಲಿ ಅವಳು ಬರೆದದ್ದು: 1577917500 = 2² × 3 × 5⁴ × 61 × 3449.

ಹಗುರ ಮಾಡಿಕೊಂಡರೆ 576

“ಕೂಸೇ, ಪಂಚಾಂಗದ ಗಣಿತ ಮಾಡುವವರು ಇಷ್ಟು ದೊಡ್ಡದನ್ನು ಹೊತ್ತುಕೊಂಡು ತಿರುಗುವುದಿಲ್ಲ,” ಎಂದರು ದೊಡ್ಡಪ್ಪ. “ಮೊದಲು ಅಪವರ್ತನ ಮಾಡಿ ಹಗುರ ಮಾಡಿಕೊಳ್ಳುತ್ತಾರೆ.” ಅವರು ಹೇಳಿದ್ದು ಏಳನೆಯ ಶತಮಾನದ ಮೊದಲನೆಯ ಭಾಸ್ಕರನ ದಾರಿಯನ್ನೇ. 43,20,000 ಎಂದರೆ 2⁸ × 3³ × 5⁴. ದಿನಗಳ ಸಂಖ್ಯೆಗೂ ವರ್ಷಗಳ ಸಂಖ್ಯೆಗೂ ಸಮಾನವಾಗಿರುವುದು 2² × 3 × 5⁴, ಅಂದರೆ 7500. ಅದನ್ನು ಎರಡೂ ಕಡೆಯಿಂದ ತೆಗೆದರೆ ಉಳಿಯುವುದು 210389 ದಿನಕ್ಕೆ 576 ವರ್ಷ. ಅವನ ಮಹಾಭಾಸ್ಕರೀಯ ಗ್ರಂಥದ ಕುಟ್ಟಕ ಲೆಕ್ಕಗಳಲ್ಲಿ, ಅಂದರೆ ಶೇಷಗಳಿಂದ ಪೂರ್ಣಾಂಕದ ಉತ್ತರ ಹುಡುಕುವ ಲೆಕ್ಕಗಳಲ್ಲಿ, ಸೂರ್ಯನಿಗೆ ಬರುವ ಜೋಡಿ ಇದೇ.

ಆ 576ನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನೋಡಬೇಕು. ವರ್ಷಕ್ಕೆ 365 ದಿನ, ಮೇಲೆ ಒಂದು ದಿನದ 576 ಪಾಲಿನಲ್ಲಿ 149 ಪಾಲು. ದಿನದ ಅರವತ್ತನೆಯ ಒಂದು ಪಾಲು ಘಟಿ, ಘಟಿಯ ಅರವತ್ತನೆಯ ಒಂದು ಪಾಲು ವಿಘಟಿ; ಅವುಗಳಲ್ಲಿ ಹೇಳುವುದಾದರೆ 365 ದಿನ, 15 ಘಟಿ, 31 ವಿಘಟಿ, ಅದರ ಕೆಳಗೆ 15. ಅಲ್ಲಿಗೆ ಮುಗಿಯಿತು, ಬಾಲ ಉಳಿಯುವುದಿಲ್ಲ. ಒಂದು ದಿನವನ್ನು 576 ಪಾಲು ಮಾಡಿದರೆ ಒಂದೊಂದೂ ಸರಿಯಾಗಿ ಎರಡೂವರೆ ನಿಮಿಷ. 149ಕ್ಕೂ 576ಕ್ಕೂ ಸಮಾನ ಅಪವರ್ತನ ಇಲ್ಲವಾದ್ದರಿಂದ, ಮಧ್ಯಮ ಸೂರ್ಯ (ಒಂದೇ ವೇಗದಲ್ಲಿ ಸರಿಯುತ್ತಾನೆಂದು ಲೆಕ್ಕಕ್ಕೆ ಹಿಡಿದ ಸೂರ್ಯ) ಮೇಷಕ್ಕೆ ಕಾಲಿಡುವ ಗಳಿಗೆ ಈ 576 ಮನೆಗಳಲ್ಲಿ ಒಂದನ್ನೂ ಬಿಡದೆ, ಒಂದಕ್ಕೂ ಎರಡು ಸಲ ಹೋಗದೆ ಸುತ್ತಿ ಬರುತ್ತದೆ. ಮತ್ತೆ ಸೂರ್ಯೋದಯಕ್ಕೇ ಮೇಷ ಪ್ರವೇಶವಾಗುವುದು 576 ವರ್ಷಗಳ ಮೇಲೆ. ಕಲಿಯುಗದ ಮೊದಲಿನಿಂದ ಎಣಿಸಿದರೆ ಎಂಟನೆಯ ಸಲ ಅದು ಕ್ರಿ.ಶ. 1507ರಲ್ಲಿ ಆಗಿ ಹೋಗಿದೆ, ಸಾಗರದ ಪಕ್ಕದ ಕೆಳದಿಯಲ್ಲಿ ನಾಯಕರು ಆಗಷ್ಟೇ ತಲೆ ಎತ್ತುತ್ತಿದ್ದ ಕಾಲ. ಒಂಬತ್ತನೆಯದು 2083ರಲ್ಲಿ.

ಭಾಸ್ಕರನ ಕುಟ್ಟಕದಲ್ಲಿ ಈ ಎರಡು ಸಂಖ್ಯೆಗಳನ್ನು ಒಂದರಿಂದೊಂದು ಭಾಗಿಸುತ್ತಾ, ಭಾಗಲಬ್ಧಗಳನ್ನು ಒಂದರ ಕೆಳಗೊಂದು ಬರೆಯುತ್ತಾ ಹೋಗುತ್ತಾರೆ. ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿಯಂತೆ ಕಾಣುವ ಆ ಸಾಲಿಗೆ ವಲ್ಲಿ ಎಂದೇ ಹೆಸರು. ಇಲ್ಲಿ ಅದು 365, 3, 1, 6, 2, 4. ಒಂದೊಂದು ಗೆಣ್ಣಿನಲ್ಲೂ ನಿಲ್ಲಿಸಿ ನೋಡಿದರೆ ವರ್ಷದ ಚೂರಿಗೆ ಒಂದೊಂದು ಅಂದಾಜು ಸಿಗುತ್ತದೆ: ಮೊದಲು ಮೂರರಲ್ಲೊಂದು, ಆಮೇಲೆ ನಾಲ್ಕರಲ್ಲೊಂದು, ಆಮೇಲೆ 27ರಲ್ಲಿ 7, 58ರಲ್ಲಿ 15. ನಾಲ್ಕು ವರ್ಷಕ್ಕೊಮ್ಮೆ ಫೆಬ್ರವರಿಗೆ ಒಂದು ದಿನ ಸೇರಿಸುವ ನಿಯಮ ಎರಡನೆಯ ಅಂದಾಜಿನಲ್ಲೇ ಬಂದುಹೋಗುತ್ತದೆ. ವಲ್ಲಿ ಅದನ್ನು ದಾಟಿ ಇನ್ನೂ ಮೇಲಕ್ಕೆ ಹೋಗುತ್ತದೆ.

ಈ ವರ್ಷ ಇಂದಿನ ಅಳತೆಯ ನಾಕ್ಷತ್ರಿಕ ವರ್ಷಕ್ಕಿಂತ, ಅಂದರೆ ಸೂರ್ಯ ಅದೇ ನಕ್ಷತ್ರಕ್ಕೆ ಮರಳುವ ಅವಧಿಗಿಂತ, ಸುಮಾರು 3 ನಿಮಿಷ 20 ಸೆಕೆಂಡು ಉದ್ದ. ಋತುಗಳನ್ನು ಆಳುವ ಸಾಯನ ವರ್ಷಕ್ಕಿಂತ ಇನ್ನೂ ಹೆಚ್ಚು ಉದ್ದ, ಹಾಗಾಗಿ ಸುಮಾರು ಅರವತ್ತು ವರ್ಷಕ್ಕೊಂದು ದಿನದಂತೆ ಮಳೆ ನಕ್ಷತ್ರಗಳೂ ಮುಂದಕ್ಕೆ ಜಾರುತ್ತಿವೆ. ಕೆಳದಿಯ ಕಾಲದ ಆರಿದ್ರಾ ನಮ್ಮ ಆರಿದ್ರಾಕ್ಕಿಂತ ಒಂಬತ್ತು ದಿನ ಮೊದಲೇ ಬರುತ್ತಿತ್ತು. ಒಬ್ಬ ಮನುಷ್ಯನ ಆಯುಸ್ಸಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ನಮ್ಮ ಅಜ್ಜಂದಿರ ಜೂನ್ 21 ನಮಗೂ ಸರಿಹೊಂದುವುದು ಅದಕ್ಕೇ.

328 ದಿನಗಳ ಅಂತರ

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸಿದ್ದು ಈ ಸಂಖ್ಯೆಯ ನೆರೆಯವನು. ನಮ್ಮ ಕಡೆ ಸೂರ್ಯಸಿದ್ಧಾಂತದ ಪಂಚಾಂಗ ಎಂದು ಹೇಳುವ ರೂಢಿ ಇದೆಯಲ್ಲ, ಆ ಸೂರ್ಯಸಿದ್ಧಾಂತದಲ್ಲಿ ಮಹಾಯುಗದ ದಿನಗಳು 157,79,17,828. ಆರ್ಯಭಟನದಕ್ಕಿಂತ 328 ಹೆಚ್ಚು. ನೂರ ಐವತ್ತೇಳು ಕೋಟಿಯಲ್ಲಿ ಮುನ್ನೂರ ಇಪ್ಪತ್ತೆಂಟು. ವರ್ಷದ ಉದ್ದಕ್ಕೆ ಇದರಿಂದ ಆಗುವ ವ್ಯತ್ಯಾಸ ಆರೂವರೆ ಸೆಕೆಂಡು. ಯಾವ ರೈತನೂ, ಯಾವ ಪುರೋಹಿತನೂ ಬರಿಗಣ್ಣಿನಲ್ಲಿ ಗುರುತಿಸಲಾಗದ ಅಂತರ.

ಈಗ ಇದನ್ನು ಹಗುರ ಮಾಡಲು ನೋಡಿ. ಕೊನೆಯಲ್ಲಿ ಸೊನ್ನೆಯೂ ಇಲ್ಲ, ಐದೂ ಇಲ್ಲ. ಅಂಕಿಗಳ ಮೊತ್ತ 55, ಹಾಗಾಗಿ 3ಕ್ಕೂ ಬಗ್ಗದು. 43,20,000ದೊಂದಿಗೆ ಇದಕ್ಕಿರುವ ಸಮಾನ ಅಪವರ್ತನ 4 ಮಾತ್ರ. 7500 ಇದ್ದ ಕಡೆ 4. ಅಂದರೆ ಸೂರ್ಯ ಮತ್ತೆ ಸೂರ್ಯೋದಯಕ್ಕೇ ಮೇಷಕ್ಕೆ ಬರಲು 576 ವರ್ಷ ಸಾಲದು. 10,80,000 ವರ್ಷ ಬೇಕು. ಘಟಿಗಳಲ್ಲಿ ಬರೆದರೆ 15, 31, 31, 24 ಎಂದು ಇನ್ನೊಂದು ಮೆಟ್ಟಿಲು ಕೆಳಗಿಳಿಯುತ್ತದೆ. ತೂಗಿದರೆ ಎರಡೂ ಸಮ, ಒಡೆದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಸಂಖ್ಯೆಯ ಸ್ವಭಾವ ಅದರ ಗಾತ್ರದಲ್ಲಿಲ್ಲ, ಅದನ್ನು ಯಾವುದು ಭಾಗಿಸುತ್ತದೆ ಎಂಬುದರಲ್ಲಿದೆ ಎಂದು ನಾನು ನಂಬಿಕೊಂಡು ಬಂದದ್ದಕ್ಕೆ ಇದಕ್ಕಿಂತ ಗಟ್ಟಿ ಉದಾಹರಣೆ ಸಿಕ್ಕಿಲ್ಲ. ಅಳತೆಯ ಕಣ್ಣಿಗೆ ಅಕ್ಕಪಕ್ಕದ ಸಂಖ್ಯೆಗಳು ಒಂದೇ. ಭಾಗಾಕಾರದ ಕಣ್ಣಿಗೆ ಅವು ಬೇರೆ ಬೇರೆ ಊರಿನವು.

ಚಂದ್ರನಲ್ಲೂ 61

ಮಳೆ ನಿಂತಿರಲಿಲ್ಲ, ಕರೆಂಟೂ ಬಂದಿರಲಿಲ್ಲ. ಸೂರ್ಯನದ್ದು ಆಯಿತು, ಚಂದ್ರನದ್ದು ನೋಡೋಣ ಎಂದಳು. ಆರ್ಯಭಟ ಯುಗದಲ್ಲಿ ಚಂದ್ರನಿಗೆ ಕೊಟ್ಟ ಸುತ್ತುಗಳು 5,77,53,336. ಇದನ್ನೂ 61ರ ತನಕ ಒಡೆಯುತ್ತಾ ಕೂರುವ ಬದಲು ಪರಸ್ಪರ ಭಾಗಾಕಾರ ಮಾಡು ಎಂದೆ. ಗಣಿತದಲ್ಲಿ ಯೂಕ್ಲಿಡ್ ಹೆಸರಿನಲ್ಲಿರುವುದು ಅದೇ. 157,79,17,500ರಲ್ಲಿ ಚಂದ್ರನ ಸುತ್ತು 27 ಸಲ ಹೋಗುತ್ತದೆ, ಉಳಿಯುವುದು 1,85,77,428. ಅದರಿಂದ ಚಂದ್ರನ ಸುತ್ತನ್ನು ಭಾಗಿಸಿದರೆ 20,21,052 ಉಳಿಯುತ್ತದೆ. ಹೀಗೆ ಶೇಷದಿಂದ ಭಾಜಕವನ್ನು ಭಾಗಿಸುತ್ತಾ ಬಂದರೆ 3,87,960, 81,252, 62,952, 18,300, 8052, 2196, 1464, 732. ಕೊನೆಗೆ 732 ಎಂಬುದು 1464ರಲ್ಲಿ ಸರಿಯಾಗಿ ಎರಡು ಸಲ ಹೋಗಿ ಸೊನ್ನೆ ಉಳಿಯಿತು. ಮ.ಸಾ.ಅ. 732.

732 ಎಂದರೆ 12 × 61. ಅಷ್ಟೊಂದು ಕಷ್ಟಪಟ್ಟು ಸೂರ್ಯನ ದಿನಗಳಿಂದ ಹೊರಗೆಳೆದ 61 ಚಂದ್ರನ ಸುತ್ತುಗಳ ಒಳಗೂ ಇತ್ತು! 732ನ್ನು ತೆಗೆದರೆ ಉಳಿಯುವುದು 21,55,625 ದಿನಕ್ಕೆ 78,898 ಸುತ್ತು. ಭಾಸ್ಕರ ಚಂದ್ರನಿಗೆ ಬಳಸುವ ಜೋಡಿ ಇದು. ಸೂರ್ಯನ ಚಕ್ರ 61 × 3449 ದಿನ, ಚಂದ್ರನದು 625 × 3449 ದಿನ. ಎರಡೂ ಒಟ್ಟಿಗೆ ಹೊರಟಲ್ಲಿಗೇ ಸೂರ್ಯೋದಯಕ್ಕೆ ಬಂದು ನಿಲ್ಲಲು 61 × 625 × 3449, ಅಂದರೆ 13,14,93,125 ದಿನ, 3,60,000 ವರ್ಷ. ಯುಗದ ಹನ್ನೆರಡನೆಯ ಒಂದು ಪಾಲು.

ಇಲ್ಲಿ ಗಣಿತದ ಒಂದು ದೊಡ್ಡ ಸತ್ಯ ಅಡಗಿದೆ. ಒಂದು ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಒಡೆಯುವುದು ಕಷ್ಟ. ಎರಡು ಸಂಖ್ಯೆಗಳಿಗೆ ಸಮಾನವಾದದ್ದನ್ನು ಕಂಡುಹಿಡಿಯುವುದು ಸುಲಭ. 61 ಅವಿಭಾಜ್ಯ ಎಂಬ ತಿಳಿವಳಿಕೆಯೇ ಇಲ್ಲದೆ, ಬರೀ ಹನ್ನೊಂದು ಭಾಗಾಕಾರದಲ್ಲಿ 732 ಕೈಗೆ ಬರುತ್ತದೆ. ಇದೇ ವ್ಯತ್ಯಾಸದ ಮೇಲೆ ಇಂದು ಬ್ಯಾಂಕಿನ ವ್ಯವಹಾರದ ಗುಟ್ಟುಗಳು ನಿಂತಿವೆ. ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನದಲ್ಲಿ ಬಳಸುವ 617 ಅಂಕಿಯ ಸಂಖ್ಯೆಯನ್ನು ಒಡೆಯಲು ಇಂದಿನ ಕಂಪ್ಯೂಟರುಗಳಿಗೆ ಸಾಧ್ಯವಿಲ್ಲ. ಅಷ್ಟೇ ಉದ್ದದ ಎರಡು ಸಂಖ್ಯೆಗಳ ಮ.ಸಾ.ಅ.ವನ್ನು ಮೊಬೈಲ್ ಕೂಡ ಕ್ಷಣದಲ್ಲಿ ಹೇಳುತ್ತದೆ.

ಶುಕ್ರವಾರ

“ವಾರ ತಾಳೆಯಾಗದಿದ್ದರೆ ಅಹರ್ಗಣವೇ ತಪ್ಪು,” ಎನ್ನುವುದು ದೊಡ್ಡಪ್ಪನ ಹಳೆಯ ಮಾತು. ಅಹರ್ಗಣವೆಂದರೆ ಯುಗದ ಮೊದಲಿನಿಂದ ಕಳೆದ ದಿನಗಳ ಎಣಿಕೆ. ಎಷ್ಟು ದೊಡ್ಡ ದಿನಸಂಖ್ಯೆ ಬಂದರೂ ಅದನ್ನು ಏಳರಿಂದ ಭಾಗಿಸಿ, ಶೇಷಕ್ಕೆ ಸರಿಯಾದ ವಾರ ಬರುತ್ತದೆಯೇ ಎಂದು ನೋಡುವುದು ಪಂಚಾಂಗ ಗಣಿತದವರ ಕ್ರಮ. ನಮ್ಮ ಚೀಟಿಯನ್ನೂ ಅವರು ಹಾಗೆಯೇ ಪರೀಕ್ಷೆಗೆ ಒಡ್ಡಿದರು.

ಯುಗ ಹುಟ್ಟಿದ್ದು ಬುಧವಾರ, ಲಂಕೆಯ (ಉಜ್ಜಯಿನಿಯ ನೇರಕ್ಕೆ ಸಮಭಾಜಕ ವೃತ್ತದ ಮೇಲೆ ಕಲ್ಪಿಸಿಕೊಂಡ ಜಾಗದ) ಸೂರ್ಯೋದಯಕ್ಕೆ ಎಂದು ಆರ್ಯಭಟ ಹೇಳುತ್ತಾನೆ. ಅವನ ಲೆಕ್ಕದಲ್ಲಿ ನಾಲ್ಕೂ ಯುಗಪಾದಗಳು ಸಮ, ಒಂದೊಂದೂ 10,80,000 ವರ್ಷ. ಸಂಕಲ್ಪದಲ್ಲಿ ನಾವು ಕೇಳುವ ಯುಗಗಳು 4:3:2:1ರ ಪ್ರಮಾಣದವು, ಕಲಿಯುಗಕ್ಕೆ 4,32,000. ಸ್ಮೃತಿಗೆ ವಿರುದ್ಧವಾದ ಈ ಸಮಪಾಲಿಗಾಗಿ ಬ್ರಹ್ಮಗುಪ್ತ ಅವನ ಮೇಲೆ ಹರಿಹಾಯ್ದಿದ್ದಾನೆ. ಇರಲಿ. ಒಂದು ಪಾದಕ್ಕೆ 39,44,79,375 ದಿನ. ದೊಡ್ಡಪ್ಪ ಎಡದಿಂದ ಬಲಕ್ಕೆ ಒಂದೊಂದೇ ಅಂಕಿ ಇಳಿಸುತ್ತಾ ಬಾಯಲ್ಲೇ ಏಳರ ಮಗ್ಗಿ ಹೇಳಿಕೊಂಡು ಬಂದರು. ಶೇಷ 3. ಮೂರು ಪಾದ ಕಳೆದರೆ 9, ಏಳು ತೆಗೆದರೆ 2. ಬುಧವಾರದಿಂದ ಎರಡು ದಿನ ಮುಂದಕ್ಕೆ ಶುಕ್ರವಾರ. ಕಲಿಯುಗ ಶುರುವಾದದ್ದು ಶುಕ್ರವಾರ ಎಂಬುದು ಸಿದ್ಧಾಂತಿಗಳೆಲ್ಲ ಒಪ್ಪುವ ಮಾತು. ಜೂಲಿಯನ್ ಲೆಕ್ಕದಲ್ಲಿ ಕ್ರಿ.ಪೂ. 3102ರ ಫೆಬ್ರವರಿ 18. ಹತ್ತಂಕಿಯ ಸಂಖ್ಯೆಯಲ್ಲಿ ಒಂದೇ ಒಂದು ದಿನ ಹೆಚ್ಚು ಕಡಿಮೆಯಾಗಿದ್ದರೂ ಅದು ನಾಲ್ಕರಿಂದ ಭಾಗವಾಗುತ್ತಿರಲಿಲ್ಲ, ಶುಕ್ರವಾರವೂ ಬರುತ್ತಿರಲಿಲ್ಲ.

ಅಲ್ಲಿಗೆ ನಾಲ್ಕಕ್ಕೆ ಬಗ್ಗುವುದು ಎಷ್ಟು ಮುಖ್ಯ ಎಂದು ಹೊಳೆದು, ಗ್ರಹಗಳ ಸುತ್ತುಗಳನ್ನೂ ತೆಗೆದು ನೋಡಿದೆವು. ಮಂಗಳ 22,96,824. ಗುರು 3,64,224. ಶನಿ 1,46,564. ಎಲ್ಲವೂ ನಾಲ್ಕಕ್ಕೆ ಬಗ್ಗುತ್ತವೆ. ಹಾಗಿರುವುದರಿಂದಲೇ ಪ್ರತಿ ಪಾದದ ಕೊನೆಗೆ ಅಷ್ಟೂ ಗ್ರಹಗಳು ಮೇಷದ ಮೊದಲಲ್ಲಿ ಒಟ್ಟಾಗುತ್ತವೆ. ಒಪ್ಪದವು ಎರಡು: ಚಂದ್ರೋಚ್ಚದ, ಅಂದರೆ ಚಂದ್ರ ಭೂಮಿಯಿಂದ ಅತಿ ದೂರ ಹೋಗುವ ಬಿಂದುವಿನ, 4,88,219; ರಾಹುವಿನ 2,32,226. ಮೊದಲನೆಯದರ ಮುಕ್ಕಾಲು ಪಾಲು 3,66,164 ಸುತ್ತು, ಮೇಲೆ ಕಾಲು. ಎರಡನೆಯದರದು 1,74,169 ಸುತ್ತು, ಮೇಲೆ ಅರ್ಧ.

“ಹಾಗಾದರೆ ದೊಡ್ಡಜ್ಜ, ಆ ಶುಕ್ರವಾರ ರಾಹು ಅರ್ಧ ಸುತ್ತಿನಾಚೆ ತುಲೆಯ ಮೊದಲಲ್ಲಿದ್ದ, ಚಂದ್ರೋಚ್ಚ ಕರ್ಕಾಟಕದ ಮೊದಲಲ್ಲಿತ್ತು, ಅಲ್ಲವೇ?”

“ಹೌದು. ಆರ್ಯಭಟನ ಲೆಕ್ಕದಲ್ಲಿ ಗ್ರಹಣ ಗುಣಿಸುವವರು ಚಂದ್ರೋಚ್ಚಕ್ಕೆ 90, ರಾಹುವಿಗೆ 180 ಭಾಗೆ (ಡಿಗ್ರಿ) ಮೊದಲೇ ಸೇರಿಸಿಕೊಂಡು ಕೂರುವುದು ಅದಕ್ಕೇ,” ಎಂದು ದೊಡ್ಡಪ್ಪ ಚೀಟಿಯ ಮೂಲೆಯಲ್ಲಿ ಆ ಎರಡು ಅಂಕಿಗಳನ್ನೂ ಬರೆದರು.